ಬಾಕ್ಸಿಂಗ್‌ನಿಂದ ಎಂಎಂಎಗೆ: ಪಳಗಿದ ಕೈಗೆ ಹೊಸ ಕಾಲು, ಹೊಸ ಸೊಂಟ

2010ರ ಆಗಸ್ಟ್ 28ರಂದು ಬಾಸ್ಟನ್‌ನಲ್ಲಿ, ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಮಿಶ್ರ ಸಮರಕಲೆ) ಪಂದ್ಯ ನಡೆಸುವ ಯುಎಫ್‌ಸಿ ಸಂಸ್ಥೆಯ ಯುಎಫ್‌ಸಿ 118 ಕೂಟದಲ್ಲಿ ಜೇಮ್ಸ್ ಟೋನಿ ಮತ್ತು ರ‍್ಯಾಂಡಿ ಕುಟೂರ್ ಎದುರಾದರು. ಟೋನಿ ಮೂರು ತೂಕ ವಿಭಾಗಗಳಲ್ಲಿ ಬಾಕ್ಸಿಂಗ್ ವಿಶ್ವ ಪಟ್ಟ ಗೆದ್ದವರು. ಕುಟೂರ್ ಕುಸ್ತಿಯಿಂದ ಬಂದವರು. ಪಂದ್ಯ ಶುರುವಾಗಿ ಕೆಲವೇ ಕ್ಷಣಗಳಲ್ಲಿ ಕುಟೂರ್ ತೀರಾ ಕೆಳಕ್ಕೆ ಬಾಗಿ ಟೋನಿಯ ಮುಂಗಾಲನ್ನು ಪಾದದ ಬಳಿ ಹಿಡಿದರು, ಟೋನಿ ಬೆನ್ನ ಮೇಲೆ ಬಿದ್ದರು. 3 ನಿಮಿಷ 19 ಸೆಕೆಂಡಿಗೆ ಕತ್ತು ಬಿಗಿಯುವ ಪಟ್ಟಿಗೆ ಸಿಕ್ಕಿ ಸೋಲೊಪ್ಪಿದರು. ಅದಕ್ಕೂ ಒಂದು ವರ್ಷ ಹಿಂದೆ, 2009ರಲ್ಲಿ, ಇನ್ನೊಬ್ಬ ಬಾಕ್ಸರ್ ರೇ ಮರ್ಸರ್ ಯುಎಫ್‌ಸಿಯ ಮಾಜಿ ಹೆವಿವೇಟ್ ಚಾಂಪಿಯನ್ ಟಿಮ್ ಸಿಲ್ವಿಯಾನನ್ನು 9 ಸೆಕೆಂಡಿನಲ್ಲಿ ಒಂದೇ ಗುದ್ದಿಗೆ ಕೆಡವಿದ್ದರು.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಹೊಸಬರಿಗೆ ಬೇಕಾದ ಉತ್ತರ ಸಿಗುತ್ತದೆ. ಬಾಕ್ಸಿಂಗ್ ಗುದ್ದು ಎಂಎಂಎಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಗುದ್ದುವವರು ನಿಂತಿದ್ದರೆ ಮಾತ್ರ. ಹಾಗಾಗಿ ಬಾಕ್ಸಿಂಗ್ ಬಲ್ಲವರು ಎಂಎಂಎಗೆ ಬಂದ ಮೊದಲ ಮೂರು ತಿಂಗಳು ಕಲಿಯಬೇಕಾದದ್ದು ಒದೆಯುವುದನ್ನಲ್ಲ. ಬೀಳದೆ ಇರುವುದನ್ನು, ಬಿದ್ದರೆ ಏಳುವುದನ್ನು. ಇದನ್ನು ಹೇಳಿದರೆ ಬಹುಪಾಲು ಜನ ತಲೆಯಾಡಿಸುತ್ತಾರೆ, ಮರುದಿನ ಹೋಗಿ ಒದೆ ಕಲಿಯುವ ತರಗತಿಗೇ ಹೆಸರು ಕೊಡುತ್ತಾರೆ. ಒದೆಯುವುದು ಖುಷಿ ಕೊಡುತ್ತದೆ. ಮ್ಯಾಟ್ ಮೇಲೆ ಇನ್ನೊಬ್ಬರ ಭಾರದ ಕೆಳಗೆ ಉಸಿರು ಕಟ್ಟಿಕೊಂಡು ಬಿದ್ದಿರುವುದು ಯಾರಿಗೂ ಖುಷಿ ಕೊಡುವುದಿಲ್ಲ.

ಜೊತೆಗೆ ಬರುವ ಆಸ್ತಿಯೂ ಕಡಿಮೆಯದಲ್ಲ. ಗುದ್ದು ಬರುವಾಗ ಕಣ್ಣು ಮುಚ್ಚದಿರುವುದು, ಗದ್ದ ಕೆಳಗಿಡುವುದು, ಏಟು ತಿಂದ ಮೇಲೂ ಉಸಿರಾಟ ಹಿಡಿತದಲ್ಲಿಡುವುದು, ಎದುರಾಳಿಯ ಭುಜ ಕದಲಿದ ಕೂಡಲೇ ಏನು ಬರುತ್ತದೆಂದು ಊಹಿಸುವುದು – ಇವೆಲ್ಲ ವರ್ಷಗಟ್ಟಲೆ ಬೆವರು ಹರಿಸಿ ಬಂದಂಥವು, ಎಂಎಂಎಗೆ ನೇರವಾಗಿ ಒದಗುತ್ತವೆ. ತೊಂದರೆ ಇರುವುದು ಬಾಕ್ಸಿಂಗ್ ನಿಯಮಗಳ ನೆರಳಿನಲ್ಲಿ ಬೆಳೆದ ರೂಢಿಗಳಲ್ಲಿ. ಸೊಂಟದಿಂದ ಕೆಳಗೆ ಏಟು ಬೀಳುವುದಿಲ್ಲ, ಯಾರೂ ಕಾಲು ಹಿಡಿಯುವುದಿಲ್ಲ, ಅಪ್ಪಿಕೊಂಡರೆ ರೆಫರಿ ಬಿಡಿಸುತ್ತಾರೆ ಎಂಬ ಮೂರು ಭರವಸೆಗಳ ಮೇಲೆ ಬಾಕ್ಸರ್‌ನ ಮೈ ನಿಂತಿದೆ. ಎಂಎಂಎಯಲ್ಲಿ ಆ ಮೂರೂ ಇಲ್ಲ.

ನಿಲುವು

ಬಾಕ್ಸರ್ ಸಾಮಾನ್ಯವಾಗಿ ಪಕ್ಕಕ್ಕೆ ತಿರುಗಿ ನಿಲ್ಲುತ್ತಾನೆ. ಮುಂಗಾಲಿನ ಬೆರಳುಗಳು ಒಳಕ್ಕೆ ತಿರುಗಿರುತ್ತವೆ, ಪಾದಗಳ ನಡುವಿನ ಅಂತರ ಉದ್ದ, ಎಷ್ಟೋ ಸಲ ಮೈಭಾರದ ಹೆಚ್ಚು ಪಾಲು ಮುಂಗಾಲ ಮೇಲೆ. ಗುದ್ದಿಗೆ ಗುರಿ ಚಿಕ್ಕದಾಗುತ್ತದೆ, ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ಉದ್ದ ಹೋಗುತ್ತದೆ, ಹುಕ್‌ಗೆ (ಮೊಣಕೈ ಬಾಗಿಸಿ ಪಕ್ಕದಿಂದ ಹಾಕುವ ಗುದ್ದಿಗೆ) ಬಲ ಸಿಗುತ್ತದೆ. ಆದರೆ ಒಳಕ್ಕೆ ತಿರುಗಿದ ಆ ಮುಂಗಾಲು ತೊಡೆಯ ಹೊರಭಾಗವನ್ನೂ ಮೀನಖಂಡವನ್ನೂ ಎದುರಾಳಿಯ ಮುಂದೆ ತೆರೆದಿಡುತ್ತದೆ. ಭಾರ ಅದರ ಮೇಲೇ ಇದ್ದರೆ ಒದೆ ಬರುವುದು ಕಂಡರೂ ಕಾಲೆತ್ತಲು ಆಗುವುದಿಲ್ಲ. ಮೊದಲು ಭಾರ ಹಿಂಗಾಲಿಗೆ ಹೋಗಬೇಕು, ಆಮೇಲೆ ಮುಂಗಾಲು ಏಳಬೇಕು. ಅಷ್ಟರಲ್ಲಿ ಒದೆ ಬಿದ್ದಾಗಿರುತ್ತದೆ.

ಮೀನಖಂಡಕ್ಕೆ ಬೀಳುವ ಒದೆಯನ್ನು ಲಘುವಾಗಿ ತೆಗೆದುಕೊಳ್ಳಬಾರದು. ಮೊಣಕಾಲಿನ ಸ್ವಲ್ಪ ಕೆಳಗೆ, ಕಾಲಿನ ಹೊರಬದಿಯಲ್ಲಿ ಒಂದು ನರ ಚರ್ಮಕ್ಕೆ ಬಹಳ ಹತ್ತಿರದಲ್ಲೇ ಹಾದುಹೋಗುತ್ತದೆ. ಪಾದವನ್ನು ಮೇಲಕ್ಕೆತ್ತುವ ಸ್ನಾಯುಗಳನ್ನು ಆಡಿಸುವುದು ಅದೇ ನರ. ಅಲ್ಲಿ ಎರಡು ಮೂರು ಸರಿಯಾದ ಒದೆ ಬಿದ್ದರೆ ಪಾದ ಜೋಮು ಹಿಡಿದು ಬೆರಳು ಎತ್ತಲಾಗದೆ ಹೆಜ್ಜೆ ತೊಡರುತ್ತದೆ. ಹೆಜ್ಜೆ ಹೋದ ಮೇಲೆ ಬಾಕ್ಸರ್ ಹತ್ತಿರ ಉಳಿಯುವುದು ಕೈ ಮಾತ್ರ, ಅದೂ ಮುಟ್ಟದ ದೂರದಲ್ಲಿ.

ತಿದ್ದುಪಡಿ ಇಷ್ಟು. ಪಾದಗಳ ಅಂತರ ಭುಜದಗಲ ಅಥವಾ ತುಸು ಹೆಚ್ಚು. ಮುಂಗಾಲ ಹೆಬ್ಬೆರಳು ಎದುರಾಳಿಯ ಕಡೆಗೆ. ಭಾರ ಎರಡೂ ಕಾಲಿಗೆ ಹೆಚ್ಚುಕಡಿಮೆ ಸಮ. ಸೊಂಟ ಬಾಕ್ಸಿಂಗ್‌ಗಿಂತ ಹೆಚ್ಚು ಎದುರುಮುಖ. ಮೊಣಕಾಲು ಮೃದುವಾಗಿ ಬಾಗಿರಲಿ. ಕಾಲು ಹಿಡಿಯಲು ಬರುವವರನ್ನು ತಡೆಯಲು ತಗ್ಗಬೇಕು, ಒದೆ ತಡೆಯಲು ಎತ್ತರವಾಗಿ ಹಗುರ ನಿಲ್ಲಬೇಕು. ಇವೆರಡೂ ಒಂದನ್ನೊಂದು ಎಳೆದಾಡುತ್ತವೆ. ಎಲ್ಲರಿಗೂ ಒಂದೇ ಅಳತೆಯ ನಿಲುವು ಇಲ್ಲದಿರುವುದು ಅದಕ್ಕೇ. ಎದುರಿಗಿರುವವರು ಕುಸ್ತಿಯವರೋ ಒದೆಯುವವರೋ ನೋಡಿಕೊಂಡು ಎರಡು ಇಂಚು ಏರಿಳಿಯಬೇಕು.

ಹೊಸ ನಿಲುವಿನಲ್ಲಿ ಮೊದಲ ಕೆಲವು ವಾರ ಗುದ್ದಿನ ಬಲ ಇಳಿದಂತೆ ಅನಿಸುತ್ತದೆ. ಅದು ನಿಜವೇ, ಸ್ವಲ್ಪ ಇಳಿಯುತ್ತದೆ. ಚಿಂತೆ ಬೇಡ, ಎಂಎಂಎಯ ತೆಳು ಗ್ಲೌಸ್ ಅದನ್ನು ತುಂಬಿಕೊಡುತ್ತದೆ.

ದೂರವೂ ಬದಲಾಗುತ್ತದೆ. ಬಾಕ್ಸಿಂಗ್‌ನಲ್ಲಿ ಜ್ಯಾಬ್ ಮುಟ್ಟುವ ಅಂಚಿನಲ್ಲಿ ನಿಂತರೆ ಸುರಕ್ಷಿತ. ಇಲ್ಲಿ ಆ ಅಂಚು ಒದೆಗೆ ಹೇಳಿ ಮಾಡಿಸಿದ ಜಾಗ. ಅರ್ಧದಿಂದ ಒಂದು ಹೆಜ್ಜೆ ಹೆಚ್ಚು ದೂರ ನಿಂತು, ಅಲ್ಲಿಂದ ಒಳನುಗ್ಗಿ, ಎರಡು ಮೂರು ಗುದ್ದು ಕೊಟ್ಟು ಪಕ್ಕಕ್ಕೆ ಜಾರಿ ಹೊರಬರಬೇಕು. ನಾಲ್ಕೈದು ಗುದ್ದಿನ ಸರಣಿಗೆ ಒಗ್ಗಿಹೋದವರಿಗೆ ಇದು ಅರೆಬರೆ ಅನಿಸುತ್ತದೆ. ಆದರೆ ನಾಲ್ಕನೆಯ ಗುದ್ದಿನ ಹೊತ್ತಿಗೆ ಪಾದಗಳು ಒಂದೇ ಸಾಲಿಗೆ ಬಂದಿರುತ್ತವೆ, ಸೊಂಟ ನೆಟ್ಟಗಾಗಿರುತ್ತದೆ. ಕಾಲು ಹಿಡಿಯುವವರು ಕಾಯುವುದು ಅದೇ ಗಳಿಗೆಗೆ.

ತಲೆ ಎಲ್ಲಿ ಹೋಗುತ್ತದೆ

ಬಾಕ್ಸರ್‌ಗಳು ಎಂಎಂಎಯಲ್ಲಿ ಕೆಟ್ಟದಾಗಿ ಏಟು ತಿನ್ನುವುದು ತಮ್ಮ ಅತ್ಯುತ್ತಮ ವಿದ್ಯೆಯಿಂದಲೇ. ಕ್ರಾಸ್ (ಹಿಂದಿನ ಕೈಯ ನೇರ ಗುದ್ದು) ಬಂತು, ಸೊಂಟದಲ್ಲಿ ಬಾಗಿ ತಲೆಯನ್ನು ಎದುರಾಳಿಯ ಆ ಕೈ ಕೆಳಗಿನಿಂದ ಹಾಯಿಸಿದರು. ರಿಂಗ್‌ನಲ್ಲಿ ಇದಕ್ಕೆ ಚಪ್ಪಾಳೆ. ಇಲ್ಲಿ ತಲೆ ಹೋಗಿ ನಿಂತದ್ದು ಎದುರಾಳಿಯ ಹಿಂಗಾಲಿನ ದಾರಿಯಲ್ಲಿ, ಮೊಣಕಾಲು ಮೇಲೇಳುವ ಎತ್ತರದಲ್ಲಿ. ತಲೆ ಕೆಳಗಿದ್ದು ಕತ್ತು ಮುಂದೆ ಚಾಚಿದ್ದರೆ ಎದುರಾಳಿ ಕಂಕುಳಲ್ಲಿ ಕತ್ತು ಸಿಕ್ಕಿಸಿ ಗಿಲೊಟಿನ್ ಹಾಕುವುದೂ ಸುಲಭ.

ಅಂದಮಾತ್ರಕ್ಕೆ ತಲೆ ಆಡಿಸಲೇಬಾರದು ಎಂದಲ್ಲ. ಆಡಿಸುವ ಅಳತೆ ಚಿಕ್ಕದಾಗಬೇಕು. ಗುದ್ದು ಕಿವಿಯ ಪಕ್ಕದಲ್ಲಿ ಹಾದುಹೋಗುವಷ್ಟು ಸರಿದರೆ ಸಾಕು. ತಗ್ಗುವುದಾದರೆ ಸೊಂಟದಿಂದ ಬಾಗದೆ ಮೊಣಕಾಲು ಬಾಗಿಸಿ, ಬೆನ್ನು ನೆಟ್ಟಗೆ, ಕಣ್ಣು ಎದುರಾಳಿಯ ಎದೆಯ ಮೇಲೆ. ಹೀಗೆ ತಗ್ಗಿದವರಿಗೆ ಅಲ್ಲಿಂದಲೇ ಕಾಲು ಹಿಡಿಯುವ ಅವಕಾಶವೂ ಇದೆ. ಎದುರಾಳಿಗೆ ಆ ಅನುಮಾನ ಹುಟ್ಟಿದರೆ ಅವರ ಕೈ ಕೆಳಗಿಳಿಯುತ್ತದೆ, ಮೇಲಿನಿಂದ ಸುತ್ತಿ ಬರುವ ಓವರ್‌ಹ್ಯಾಂಡ್ ಗುದ್ದು ಬೀಳುತ್ತದೆ. ಬಾಕ್ಸಿಂಗ್‌ನ ದೇಹದ ಗುದ್ದುಗಳನ್ನೂ ಇದೇ ತಿಳುವಳಿಕೆಯಿಂದ ಹಾಕಬೇಕು: ತಲೆ ಎದುರಾಳಿಯ ಹಿಂಗಾಲಿನ ಕಡೆಗಲ್ಲ, ಮುಂಗಾಲಿನ ಹೊರಗೆ.

ಕಾವಲಿನ ಕೈಯೂ ಹಾಗೆಯೇ. ಅಭ್ಯಾಸದ 16 ಔನ್ಸ್ ಗ್ಲೌಸ್‌ಗಳ ಹಿಂದೆ ಮುಖ ಮುಚ್ಚಿಕೊಂಡು ಏಟು ಕಳೆಯಬಹುದು. ಎಂಎಂಎ ಪಂದ್ಯದ ಗ್ಲೌಸ್ ಸುಮಾರು 4 ಔನ್ಸ್, ಅಂದರೆ 115 ಗ್ರಾಂ ಸುತ್ತಮುತ್ತ, ಬೆರಳುಗಳೂ ಹೊರಗೆ. ಎರಡು ಮುಷ್ಟಿಗಳ ನಡುವಿನ ಸಂದಿಯಲ್ಲಿ ಗುದ್ದು ಸಲೀಸಾಗಿ ನುಸುಳುತ್ತದೆ. ಹಾಗಾಗಿ ಮುಷ್ಟಿಯ ಬದಲು ಮುಂಗೈಯಿಂದ ತಡೆಯಬೇಕು: ತಲೆ ಬಾಚಿಕೊಳ್ಳುವಂತೆ ಅಂಗೈಯನ್ನು ಕಿವಿಯ ಮೇಲಿನಿಂದ ಹಿಂದಕ್ಕೆ ಒಯ್ದು ಮೊಣಕೈಯನ್ನು ಮುಂದೆ ನಿಲ್ಲಿಸಿ. ಚಿಕ್ಕ ಗ್ಲೌಸ್ ಗುದ್ದುವವರಿಗೂ ಅಪಾಯವೇ. ಎದುರಾಳಿಯ ಹಣೆಗೋ ಮೊಣಕೈಗೋ ಬಿದ್ದ ಹುಕ್ ಅಂಗೈ ಮೂಳೆ ಮುರಿಯಬಹುದು. ಜೋರಾದ ಹುಕ್‌ಗಳಿಗಿಂತ ಗುರಿ ನೋಡಿ ಕೊಟ್ಟ ನೇರ ಗುದ್ದು ಹೆಚ್ಚು ಬಾಳುತ್ತದೆ. ಇನ್ನೊಂದು: ಚಾಚಿದ ಬೆರಳು ಎದುರಿನವರ ಕಣ್ಣಿಗೆ ಹೋಗುತ್ತದೆ. ದೂರ ಅಳೆಯಲು ಕೈ ಚಾಚುವ ರೂಢಿ ಇದ್ದರೆ ಬೆರಳು ಮುಚ್ಚಿಯೇ ಚಾಚಿ.

ಕಾಲು ಹಿಡಿಯಲು ಬಂದಾಗ

ಮೊದಲ ಮೂರು ತಿಂಗಳ ಹೃದಯ ಇದು, ಸ್ವಲ್ಪ ನಿಧಾನವಾಗಿ ನೋಡೋಣ.

ಎದುರಾಳಿ ಮೊಣಕಾಲು ಬಾಗಿಸಿ ಇಳಿದು ಎರಡೂ ತೊಡೆಗಳನ್ನು ತಬ್ಬಿ ಹಿಡಿಯಲು ನುಗ್ಗುವುದೇ ಡಬಲ್ ಲೆಗ್. ಅದಕ್ಕೆ ಮೂಲ ಉತ್ತರ ಸ್ಪ್ರಾಲ್. ಒಂದೇ ಉಸಿರಿನಲ್ಲಿ ಆಗಬೇಕಾದ ಮೂರು ಕೆಲಸ ಅದರಲ್ಲಿವೆ. ಒಂದು, ಎದುರಾಳಿಯ ತಲೆ ಅಥವಾ ಭುಜಕ್ಕೆ ನಿಮ್ಮ ಮುಂಗೈ ಅಡ್ಡ ಬರಬೇಕು. ಅವರ ಭುಜ ನಿಮ್ಮ ತೊಡೆ ಮುಟ್ಟಿದ ಮೇಲೆ ಮಾಡುವ ಸ್ಪ್ರಾಲ್ ಅರ್ಧ ಸೋತಂತೆ. ಎರಡು, ಎರಡೂ ಪಾದ ಹಿಂದಕ್ಕೆ ಎಸೆಯಬೇಕು. ಮೂರು, ಸೊಂಟ ಕೆಳಗೆ ಬೀಳಬೇಕು. ಈ ಮೂರನೆಯದರಲ್ಲೇ ಬಾಕ್ಸರ್‌ಗಳು ಎಡವುವುದು. ಪಾದವೇನೋ ಹಿಂದೆ ಹೋಗುತ್ತದೆ, ಸೊಂಟ ಮಾತ್ರ ಗಾಳಿಯಲ್ಲೇ ಉಳಿಯುತ್ತದೆ, ಎದೆ ಎದುರಾಳಿಯ ಬೆನ್ನ ಮೇಲೆ ಒರಗುತ್ತದೆ. ಆಗ ನಿಮ್ಮ ಭಾರ ಅವರ ಮೇಲೆ ಬೀಳುವುದೇ ಇಲ್ಲ. ಅವರು ಎರಡು ಹೆಜ್ಜೆ ಮುಂದೆ ನಡೆದರೆ ನೀವು ಬೆನ್ನ ಮೇಲೆ. ಸರಿಯಾದ ಸ್ಪ್ರಾಲ್‌ನಲ್ಲಿ ನಿಮ್ಮ ತೊಡೆಸಂದಿ ಎದುರಾಳಿಯ ಭುಜ ಮತ್ತು ತಲೆಯನ್ನು ನೆಲಕ್ಕೆ ಒತ್ತುತ್ತಿರುತ್ತದೆ, ಬೆನ್ನು ತುಸು ಹಿಂದಕ್ಕೆ ಬಾಗಿರುತ್ತದೆ, ಮೊಣಕಾಲು ನೆಲ ಮುಟ್ಟುವುದಿಲ್ಲ. ಮೊಣಕಾಲು ಊರಿದರೆ ಭಾರ ನೆಲಕ್ಕೆ ಹೋಗುತ್ತದೆ, ಎದುರಾಳಿಗಲ್ಲ. ಅವರು ಹಿಡಿದಿರುವ ಕಾಲಿನ ಕಡೆಯ ಸೊಂಟವನ್ನು ಇನ್ನಷ್ಟು ತಿರುಗಿಸಿ ಒತ್ತಿದರೆ ಹಿಡಿತ ಸಡಿಲುತ್ತದೆ.

ಅಲ್ಲಿಗೇ ನಿಲ್ಲಬಾರದು. ಅವರ ತಲೆಯನ್ನು ಕೆಳಗೊತ್ತುತ್ತಾ ಪಕ್ಕಕ್ಕೆ ಸುತ್ತಿ, ಎದ್ದು, ದೂರ ಹೋಗಿ. ಸ್ಪ್ರಾಲ್ ಮಾಡಿ ಗೆದ್ದೆ ಎಂದು ಅಲ್ಲೇ ಉಸಿರು ಬಿಟ್ಟವರನ್ನು ಎದುರಾಳಿ ಎರಡನೆಯ ಪ್ರಯತ್ನದಲ್ಲಿ ಕೆಡವುತ್ತಾರೆ. ಕುಸ್ತಿಯವರು ಒಂದಕ್ಕೇ ಸುಮ್ಮನಾಗುವವರಲ್ಲ.

ಬರುವವರಿಗೆ ಅಪ್ಪರ್‌ಕಟ್ (ಕೆಳಗಿನಿಂದ ಮೇಲಕ್ಕೆ ಹಾಕುವ ಗುದ್ದು) ಕೊಟ್ಟರಾಯಿತಲ್ಲ ಎಂಬುದು ಬಾಕ್ಸರ್‌ಗಳ ಮೊದಲ ಪ್ರಶ್ನೆ. ಹೊತ್ತು ಸರಿಯಾಗಿ ಕೂಡಿಬಂದರೆ ಪಂದ್ಯ ಅಲ್ಲಿಗೇ ಮುಗಿಯಬಹುದು. ತಪ್ಪಿದರೆ ಕೈ ಮೇಲಿರುತ್ತದೆ, ಸೊಂಟ ಮುಂದಿರುತ್ತದೆ, ಎರಡೂ ಕಾಲು ಅವರ ತೋಳಲ್ಲಿರುತ್ತವೆ. ಸ್ಪ್ರಾಲ್ ಯೋಚಿಸದೆ ಬರುವಷ್ಟು ರೂಢಿಯಾದ ಮೇಲೆ ಅಪ್ಪರ್‌ಕಟ್ ಪ್ರಯೋಗಿಸಿ.

ರೂಢಿ ಮಾಡಿಕೊಳ್ಳಲು ಒಳ್ಳೆಯ ದಾರಿ: ಜೊತೆಗಾರರು ಪ್ಯಾಡ್ ಹಿಡಿದಿರಲಿ, ನೀವು ಜ್ಯಾಬ್-ಕ್ರಾಸ್ ಹೊಡೆಯುತ್ತಿರಿ. ಯಾವಾಗ ಎಂದು ಹೇಳದೆ ಅವರು ತಗ್ಗಿ ನಿಮ್ಮ ಮೊಣಕಾಲು ಮುಟ್ಟಲು ಬರಲಿ, ನೀವು ಸ್ಪ್ರಾಲ್ ಮಾಡಿ ಎದ್ದು ಮತ್ತೆ ಜ್ಯಾಬ್ ಹೊಡೆಯಿರಿ. 2 ನಿಮಿಷದ 3 ಸುತ್ತು ಸಾಕು. ಗಾಳಿಯಲ್ಲಿ ಒಬ್ಬರೇ ಮಾಡುವ ನೂರು ಸ್ಪ್ರಾಲ್ ಮೈ ಬಿಸಿ ಮಾಡುತ್ತದೆ, ಯಾವಾಗ ಮಾಡಬೇಕೆಂದು ಮಾತ್ರ ಕಲಿಸುವುದಿಲ್ಲ.

ಅಪ್ಪಿಕೊಂಡು ನಿಂತಾಗಿನ ಕಾಳಗವೂ ಇದರ ಮುಂದುವರಿಕೆಯೇ. ಬಾಕ್ಸಿಂಗ್‌ನಲ್ಲಿ ಅದು ಸುಧಾರಿಸಿಕೊಳ್ಳುವ ಹೊತ್ತು. ಎಂಎಂಎಯಲ್ಲಿ ಹೆಚ್ಚು ದಣಿಸುವ ಹೊತ್ತು. ನಿಮ್ಮ ಕೈ ಎದುರಾಳಿಯ ಕಂಕುಳಿನ ಕೆಳಗಿನಿಂದ ಹೋಗಿ ಬೆನ್ನು ಹಿಡಿದರೆ ಅದು ಅಂಡರ್‌ಹುಕ್. ಎರಡೂ ಕಡೆಯ ಅಂಡರ್‌ಹುಕ್ ಅವರಿಗೇ ಸಿಕ್ಕರೆ ನೀವು ಬೀಳುವುದು ಖಚಿತ. ಕನಿಷ್ಠ ಒಂದಾದರೂ ನಿಮ್ಮದಾಗಿರಲಿ, ನಿಮ್ಮ ಹಣೆ ಅವರ ಗದ್ದದ ಕೆಳಗೆ ಒತ್ತುತ್ತಿರಲಿ. ಎಂಎಂಎ ಪಂದ್ಯ ನಡೆಯುವ ಪಂಜರದ ಗೋಡೆಗೆ ಬೆನ್ನು ತಾಗಿದರೆ ಪಾದ ಅಗಲಿಸಿ, ಸೊಂಟ ಗೋಡೆಯಿಂದ ತುಸು ಮುಂದೆ ತಂದು, ಅವರ ಮಣಿಕಟ್ಟು ಬಿಡಿಸಿ, ಅಂಡರ್‌ಹುಕ್ ಗೆದ್ದು ಸುತ್ತಿ ಹೊರಬನ್ನಿ. ಹಗ್ಗಕ್ಕೆ ಒರಗಿ ಹಿಂದೆ ಬಾಗುವ ರಿಂಗ್‌ನ ಚಾಳಿ ಇಲ್ಲಿ ನಡೆಯದು, ಗೋಡೆ ಬಾಗುವುದಿಲ್ಲ.

ನೆಲದ ಮೇಲೆ

ಬಿದ್ದೇ ಬೀಳುತ್ತೀರಿ. ಬಿದ್ದ ಬಾಕ್ಸರ್ ಮಾಡುವ ತಪ್ಪು ಎರಡು. ಎದೆಯ ಮೇಲೆ ಕೂತವರನ್ನು ಕೈ ನೆಟ್ಟಗೆ ಚಾಚಿ ತಳ್ಳುವುದು. ಚಾಚಿದ ಕೈ ಆರ್ಮ್‌ಬಾರ್‌ಗೆ, ಅಂದರೆ ಮೊಣಕೈಯನ್ನು ಹಿಂದಕ್ಕೆ ಬಗ್ಗಿಸುವ ಪಟ್ಟಿಗೆ, ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಗುದ್ದು ತಪ್ಪಿಸಲು ಹೊಟ್ಟೆ ಕೆಳಗೆ ಮಾಡಿ ಬೆನ್ನು ಕೊಡುವುದು. ಮುಂದಿನದು ಹಿಂದಿನಿಂದ ಕತ್ತು ಬಿಗಿಯುವ ಚೋಕ್. ಮೊಣಕೈಗಳನ್ನು ಪಕ್ಕೆಗೆ ಅಂಟಿಸಿಟ್ಟುಕೊಳ್ಳುವುದು ಮೊದಲ ಪಾಠ. ಸೊಂಟವನ್ನು ಸೇತುವೆಯಂತೆ ಮೇಲೆತ್ತಿ ಅವರ ಸಮತೋಲ ಕೆಡಿಸುವುದು, ಪಕ್ಕಕ್ಕೆ ಹೊರಳಿ ಸೊಂಟ ಹಿಂದೆಳೆದು ನಡುವೆ ಮೊಣಕಾಲು ತೂರಿಸುವುದು ನಂತರದವು. ಈ ಎರಡು ಚಲನೆಗಳಿಂದಲೇ ಹೊಸಬರ ಮುಕ್ಕಾಲು ಬಿಡುಗಡೆಗಳು ಹುಟ್ಟುತ್ತವೆ.

ನಡುವೆ ಜಾಗ ಸಿಕ್ಕ ಕೂಡಲೇ ಏಳಬೇಕು, ಆದರೆ ಏಳುವುದಕ್ಕೂ ಕ್ರಮವಿದೆ. ಬಲಗೈಯನ್ನು ಹಿಂದೆ ನೆಲಕ್ಕೆ ಊರಿ. ಎಡಪಾದ ನೆಲದ ಮೇಲೆ ಗಟ್ಟಿ. ಎಡಗೈ ಮುಖದ ಮುಂದೆ, ಬಲಗಾಲು ಎದುರಾಳಿಯನ್ನು ದೂರ ಇಡಲು ಗಾಳಿಯಲ್ಲಿ. ಊರಿದ ಕೈ ಮತ್ತು ಪಾದದ ಮೇಲೆ ಸೊಂಟ ಎತ್ತಿ, ಬಲಗಾಲನ್ನು ಮೈಕೆಳಗಿನಿಂದ ಹಿಂದೆಳೆದು ಊರಿದ ಕೈಗಿಂತ ಹಿಂದೆ ಇಟ್ಟು, ಹಿಂದಕ್ಕೆ ಸರಿಯುತ್ತಾ ನಿಲ್ಲಿ. ಕಣ್ಣು ಒಂದು ಕ್ಷಣವೂ ಎದುರಾಳಿಯಿಂದ ಸರಿಯಬಾರದು. ಎರಡೂ ಕೈ ಊರಿ ಮುಂದಕ್ಕೆ ಬಾಗಿ ಏಳುವುದು ಮೈಗೆ ಸಹಜ. ಆದರೆ ಮುಖ ಒದೆಗೂ ಗುದ್ದಿಗೂ ತೆರೆದಿರುತ್ತದೆ. ಪ್ರತಿ ತರಗತಿಯ ಶುರುವಿನಲ್ಲಿ ಎರಡೂ ಕಡೆಗೆ ಹತ್ತು ಹತ್ತು ಸಲ ಮಾಡಿದರೆ ಒಂದು ತಿಂಗಳಲ್ಲಿ ಮೈಗೆ ಹತ್ತುತ್ತದೆ.

ಟ್ಯಾಪ್ ಮಾಡುವುದು, ಅಂದರೆ ಎದುರಾಳಿಯ ಮೈ ತಟ್ಟಿ ಸೋಲೊಪ್ಪುವುದು, ಬಾಕ್ಸರ್‌ಗಳಿಗೆ ಕಷ್ಟ. ಏಟು ತಡೆದುಕೊಳ್ಳುವುದೇ ಗಂಡಸ್ತನ ಎಂಬ ವಾತಾವರಣದಲ್ಲಿ ಬೆಳೆದವರು ತಡ ಮಾಡುತ್ತಾರೆ. ಕತ್ತಿನ ಎರಡೂ ಬದಿಯ ರಕ್ತನಾಳ ಸರಿಯಾಗಿ ಒತ್ತಿದರೆ ಸುಮಾರು ಹತ್ತು ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ಹಿಮ್ಮಡಿ ತಿರುಚುವ ಹೀಲ್ ಹುಕ್‌ನಲ್ಲಿ ನೋವು ಗೊತ್ತಾಗುವ ಹೊತ್ತಿಗೆ ಮೊಣಕಾಲಿನ ಕಟ್ಟುನಾರು ಹರಿದಿರಬಹುದು. ಮೊದಲ ವರ್ಷ ಅದನ್ನು ಹಾಕುವುದೂ ಬೇಡ, ಹಾಕಿಸಿಕೊಳ್ಳುವುದೂ ಬೇಡ. ಕೈ ಸಿಕ್ಕಿಕೊಂಡಿದ್ದರೆ ಪಾದದಿಂದ ನೆಲ ತಟ್ಟಿ ಅಥವಾ ಬಾಯಲ್ಲೇ ಹೇಳಿ.

ಒದೆ

ನಾಲ್ಕನೆಯ ತಿಂಗಳಿಂದ ಗಂಭೀರವಾಗಿ ಕಲಿತರೂ ತಡವಲ್ಲ. ತಡೆಯುವುದನ್ನು ಮಾತ್ರ ಮೊದಲ ದಿನದಿಂದಲೇ ಕಲಿಯಿರಿ: ಒದೆ ಬರುವಾಗ ಮುಂಗಾಲನ್ನು ಎತ್ತಿ, ಮೊಣಕಾಲನ್ನು ತುಸು ಹೊರಕ್ಕೆ ತಿರುಗಿಸಿ, ಮೀನಖಂಡದ ಬದಲು ಮುಂಭಾಗದ ಎಲುಬಿನ ಮೇಲ್ಭಾಗ ಒದೆಗೆ ಎದುರಾಗುವಂತೆ ಮಾಡಿ. ಒದೆಯುವಾಗ ಊರಿದ ಪಾದದ ಹಿಮ್ಮಡಿ ಎದುರಾಳಿಯ ಕಡೆ ತಿರುಗಬೇಕು, ಇಲ್ಲದಿದ್ದರೆ ಸೊಂಟ ತಿರುಗದೆ ಮೊಣಕಾಲು ತಿರುಚಿಕೊಳ್ಳುತ್ತದೆ. ತಾಗಬೇಕಾದದ್ದು ಮೊಣಕಾಲ ಕೆಳಗಿನ ಎಲುಬು, ಪಾದವಲ್ಲ. ಪಾದದ ಚಿಕ್ಕ ಮೂಳೆಗಳು ಎದುರಿನವರ ಮೊಣಕೈಗೆ ಬಡಿದರೆ ವಾರಗಟ್ಟಲೆ ವಿಶ್ರಾಂತಿ. ಜ್ಯಾಬ್‌ಗೆ ಜೋಡಿಯಾಗಿ ಟೀಪ್, ಅಂದರೆ ಪಾದದಿಂದ ತಳ್ಳುವ ನೇರ ಒದೆ, ಬಾಕ್ಸರ್‌ಗೆ ಬೇಗ ಒಲಿಯುತ್ತದೆ. ದೂರ ಕಾಯುವ ಬುದ್ಧಿ ಮೊದಲೇ ಇರುತ್ತದಲ್ಲ. 2015ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಬಾಕ್ಸಿಂಗ್ ಚಾಂಪಿಯನ್ ಹಾಲಿ ಹೋಮ್ ಅವರು ಜೂಡೊದಿಂದ ಬಂದ ಆಗಿನ ಯುಎಫ್‌ಸಿ ಚಾಂಪಿಯನ್ ರೊಂಡಾ ರೌಸಿಯನ್ನು ಕೆಡವಿದ ತಲೆಯ ಮೇಲಿನ ಒದೆಯನ್ನು ಎಲ್ಲರೂ ನೆನೆಯುತ್ತಾರೆ. ಅದಕ್ಕೂ ಮುಂಚಿನ ಒಂದು ಸುತ್ತಿನಲ್ಲಿ ಅವರು ನೇರ ಎಡಗೈ ಮತ್ತು ಹೆಜ್ಜೆಯಿಂದ ರೌಸಿಗೆ ಹಿಡಿಯಲು ಬಿಡದೆ ಓಡಾಡಿಸಿದ್ದನ್ನು ಮತ್ತೆ ಮತ್ತೆ ನೋಡಿ. ಬಾಕ್ಸರ್ ಕಲಿಯಬೇಕಾದ ಪಾಠ ಅದರಲ್ಲಿದೆ.

ವಾರದ ಲೆಕ್ಕ

ವಾರಕ್ಕೆ ನಾಲ್ಕು ದಿನ, ಪ್ರತಿ ದಿನ 60ರಿಂದ 90 ನಿಮಿಷ ಎಂದುಕೊಳ್ಳೋಣ. ಒಂದು ದಿನ ಕುಸ್ತಿ, ಒಂದು ದಿನ ಜೂಜಿಟ್ಸು (ನೆಲದ ಮೇಲೆ ಹಿಡಿದು ಬಿಗಿಯುವ ಕಲೆ), ಒಂದು ದಿನ ಕಿಕ್‌ಬಾಕ್ಸಿಂಗ್, ಇನ್ನೊಂದು ದಿನ ಎಲ್ಲ ಕೂಡಿಸುವ ಎಂಎಂಎ ಅಭ್ಯಾಸ. ಬಾಕ್ಸಿಂಗ್ ಬ್ಯಾಗ್ ಮೇಲೆ ವಾರಕ್ಕೆ 20-30 ನಿಮಿಷ, ಅದೂ ಹೊಸ ನಿಲುವಿನಲ್ಲಿ. ಹಳೆಯ ಬಾಕ್ಸಿಂಗ್ ತರಗತಿಯನ್ನು ಪೂರ್ತಿ ಇಟ್ಟುಕೊಂಡೇ ಇದನ್ನೂ ಸೇರಿಸುವವರು ಎರಡು ತಿಂಗಳಲ್ಲಿ ಮೊಣಕಾಲೋ ಕತ್ತೋ ಹಿಡಿದುಕೊಂಡು ಕೂರುತ್ತಾರೆ. ಬಾಕ್ಸಿಂಗ್ ದಣಿವು ಬೇರೆ, ಹಿಡಿದಾಡುವ ದಣಿವು ಬೇರೆ. ಎಷ್ಟೇ ಓಡಿದ್ದರೂ ಮೊದಲ ಕುಸ್ತಿಯ ದಿನ ಮುಂಗೈ ಕಲ್ಲಾಗುತ್ತದೆ, ಉಸಿರು ಬಿಗಿಯುತ್ತದೆ. ಬಾಕ್ಸಿಂಗ್‌ನ ಸುತ್ತು 3 ನಿಮಿಷ, ವೃತ್ತಿಪರ ಎಂಎಂಎಯ ಸುತ್ತು 5 ನಿಮಿಷ ಎಂಬುದೂ ನೆನಪಿರಲಿ.

ಮೊದಲ 8-12 ವಾರ ಪೂರ್ಣ ಎಂಎಂಎ ಸ್ಪಾರಿಂಗ್ (ಜೊತೆಗಾರರೊಂದಿಗಿನ ಅಭ್ಯಾಸ ಕಾಳಗ) ಬೇಡ. ಅದರ ಬದಲು ಕೆಳಗೆ ಬಿದ್ದ ಭಂಗಿಯಿಂದ ಅಥವಾ ಗೋಡೆಗೆ ಒತ್ತಿಸಿಕೊಂಡ ಭಂಗಿಯಿಂದ ಶುರುಮಾಡಿ 2 ನಿಮಿಷ ಬಿಡಿಸಿಕೊಳ್ಳುವ ಆಟ. ಆಮೇಲೆ ಬಾಕ್ಸರ್‌ಗೆಂದೇ ಮಾಡಿದಂಥ ಇನ್ನೊಂದು: ನೀವು ಗುದ್ದಬಹುದು, ಜೊತೆಗಾರರು ಕೆಡವಲು ಮಾತ್ರ ನೋಡಬಹುದು. ಗುದ್ದು ಹಗುರ, 3 ನಿಮಿಷದ 3 ಸುತ್ತು. ಯಾವ ಗುದ್ದಿನ ಹಿಂದೆ ಕಾಲು ಸಿಕ್ಕಿತು ಎಂಬುದು ಒಂದೇ ವಾರದಲ್ಲಿ ತಿಳಿಯುತ್ತದೆ.

ಬೇಕಾಗುವ ಸಾಮಾನು: ಹಲ್ಲುಗವಚ, ತೊಡೆಸಂದಿಯ ಗಾರ್ಡ್, ಕಾಲಿನ ಶಿನ್ ಗಾರ್ಡ್, ಅಭ್ಯಾಸಕ್ಕೆ 7 ಔನ್ಸ್‌ನ ಎಂಎಂಎ ಗ್ಲೌಸ್, ಮೈಗಂಟುವ ರ‍್ಯಾಶ್ ಗಾರ್ಡ್, ಜೇಬು-ಜಿಪ್ ಇಲ್ಲದ ಚಡ್ಡಿ. 16 ಔನ್ಸ್ ಗ್ಲೌಸ್ ನಿಮ್ಮಲ್ಲಿ ಇದ್ದೇ ಇರುತ್ತದೆ. ಜೋರಾದ ಗುದ್ದಾಟಕ್ಕೆ ಅದೇ ಇರಲಿ, 4 ಔನ್ಸ್ ಹಾಕಿಕೊಂಡು ಜೊತೆಗಾರರ ಮೇಲೆ ಸ್ಪಾರಿಂಗ್ ಮಾಡಬೇಡಿ.

ಬಾಕ್ಸಿಂಗ್‌ನಲ್ಲಿ ಅಷ್ಟಾಗಿ ಕಾಡದ ಇನ್ನೊಂದು ತೊಂದರೆ ಚರ್ಮದ್ದು. ಮ್ಯಾಟ್ ಮೇಲೆ ಮೈಗೆ ಮೈ ಉಜ್ಜುವುದರಿಂದ ಹುಳುಕಡ್ಡಿ, ಬ್ಯಾಕ್ಟೀರಿಯಾದ ಹುಣ್ಣು ಬೇಗ ಹರಡುತ್ತವೆ. ಉಗುರು ಕತ್ತರಿಸಿ, ಮುಗಿದ ಕೂಡಲೇ ಸ್ನಾನ ಮಾಡಿ, ಬಟ್ಟೆ ಪ್ರತಿ ಸಲ ಒಗೆಯಿರಿ, ತೆರೆದ ಗಾಯ ಇದ್ದರೆ ಮ್ಯಾಟ್ ಹತ್ತಬೇಡಿ. ಹೊರಗಿವಿ ಊದಿ ರಕ್ತ ತುಂಬಿದರೆ ಗಟ್ಟಿಯಾಗುವ ಮೊದಲೇ ವೈದ್ಯರಿಂದ ತೆಗೆಸಿ. ತಲೆಗೆ ಏಟು ಬಿದ್ದು ಮಂಕು, ತಲೆಸುತ್ತು, ವಾಕರಿಕೆ ಬಂದರೆ ಆ ದಿನ ಅಲ್ಲಿಗೇ ಮುಗಿಯಿತು. ಮೊದಲ 24-48 ಗಂಟೆ ವಿಶ್ರಾಂತಿ, ಆಮೇಲೆ ಹಂತ ಹಂತವಾಗಿ ಲಘು ವ್ಯಾಯಾಮ. ಸ್ಪಾರಿಂಗ್‌ಗೆ ಮರಳುವುದು ವೈದ್ಯರು ಒಪ್ಪಿದ ಮೇಲಷ್ಟೇ.

ಪಂದ್ಯ ಆಡುವ ಮನಸ್ಸಾದರೆ ಹೆಸರು ಕೊಡುವ ಮುನ್ನ ಆ ಪಂದ್ಯದ ನಿಯಮಾವಳಿ ಕೇಳಿ ಓದಿ. ಹವ್ಯಾಸಿ ಪಂದ್ಯಗಳಲ್ಲಿ ಸಾಮಾನ್ಯವಾಗಿ 3 ನಿಮಿಷದ 3 ಸುತ್ತು, ಹಲವೆಡೆ ಮೊಣಕೈ ಏಟಿಗೆ ಅವಕಾಶವಿಲ್ಲ. ಎಂಎಂಎಯ ಏಕೀಕೃತ ನಿಯಮಗಳಲ್ಲಿ (ಹಲವೆಡೆ ಬಳಸುವ ಸಾಮಾನ್ಯ ನಿಯಮಾವಳಿಯಲ್ಲಿ) 2024ರ ನವೆಂಬರ್ 1ರಿಂದ ಎರಡು ಬದಲಾವಣೆ ಬಂದಿವೆ: ಮೇಲಿನಿಂದ ನೇರ ಕೆಳಗೆ ಬೀಳುವ ಮೊಣಕೈ ಏಟು ಈಗ ತಪ್ಪಲ್ಲ, ಕೈ ಮತ್ತು ಪಾದ ಬಿಟ್ಟು ಬೇರೆ ಅಂಗ ನೆಲಕ್ಕೆ ತಾಗಿದ್ದರೆ ಮಾತ್ರ ನೆಲದಲ್ಲಿರುವ ಎದುರಾಳಿ ಎಂದು ಲೆಕ್ಕ (ಅಂಥವರ ತಲೆಗೆ ಒದೆ, ಮೊಣಕಾಲು ಹಾಕುವಂತಿಲ್ಲ). ಇದು ಎಲ್ಲ ಕಡೆ ಒಂದೇ ಸಲಕ್ಕೆ ಜಾರಿಗೆ ಬಂದಿಲ್ಲ. ಹೊಸ ನಿಯಮ ಇರುವಲ್ಲಿ ತಗ್ಗಿ ಒಂದು ಕೈ ನೆಲಕ್ಕೆ ಊರಿದರೆ ತಲೆಗೆ ಮೊಣಕಾಲು ಬೀಳುವುದಿಲ್ಲ ಎಂಬ ಭರವಸೆ ಇಲ್ಲ, ಸೊಂಟದಿಂದ ಬಾಗುವ ಬಾಕ್ಸರ್ ಇದನ್ನು ಮೊದಲೇ ತಿಳಿದಿರಬೇಕು.